ಬ್ಯಾಟರಿ ಸೈಕಲ್: ಸುಖ ಎಷ್ಟು, ವ್ಯಾಯಾಮ ಎಷ್ಟು?

ಎರಡು ತಿಂಗಳ ಹಿಂದೆ 66 ವರ್ಷದ ನಿವೃತ್ತ ಮೇಷ್ಟ್ರೊಬ್ಬರು ಸಕ್ಕರೆ ಪರೀಕ್ಷೆಯ ವರದಿ ತೋರಿಸಲು ಬಂದಿದ್ದರು. ಜೊತೆಯಲ್ಲಿ ಅವರ ಪತ್ನಿ ಮತ್ತು ಮಗ. ನಾನು ವರದಿ ಓದಿ ಮುಗಿಸುವಷ್ಟರಲ್ಲಿ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೆರೆದು ಮೇಜಿನ ಮೇಲಿಟ್ಟರು. ದಪ್ಪ ಟೈರು, ಅಗಲವಾದ ಮೆತ್ತನೆಯ ಸೀಟು, ಎತ್ತರದ ಹ್ಯಾಂಡಲ್, ಲೇಡೀಸ್ ಸೈಕಲಿನಂತೆ ಮೇಲಿನ ಕಂಬಿ ಇಲ್ಲದ ಚೌಕಟ್ಟು, ಕ್ಯಾರಿಯರ್ ಕೆಳಗೆ ಬ್ಯಾಟರಿ.

"ಅಪ್ಪನಿಗೆ ಇದನ್ನು ಕೊಡಿಸೋಣ ಅಂತಿದ್ದೀನಿ ಡಾಕ್ಟ್ರೇ. ಆರಾಮವಾಗಿ ಕೂತು ಹೋಗಬಹುದು. ಏರು ಬಂದರೆ ಮೋಟಾರೇ ಎಳೆಯುತ್ತೆ" ಎಂದರು.

ತಾಯಿಗೆ ಇದು ಒಪ್ಪಿಗೆಯಾಗಿರಲಿಲ್ಲ. "ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ನೋಡೋರು ಯಾರು? ಇವನು ಇರೋದು ಬೆಂಗಳೂರಲ್ಲಿ" ಎಂದರು.

ಮೇಷ್ಟ್ರು ಮಾತ್ರ ಮೆಲ್ಲಗೆ ಕೇಳಿದರು: "ಮೋಟಾರು ಎಳೆದರೆ ನನಗೆ ವ್ಯಾಯಾಮ ಆಗೋದು ಹೇಗೆ?"

ಮೂವರ ಮಾತಿನಲ್ಲೂ ಹುರುಳಿತ್ತು. ಮೈಸೂರಿನ ಯಾದವಗಿರಿಯಲ್ಲಿ ಅವರ ಮನೆ. ಕೆಲಸದಲ್ಲಿದ್ದಷ್ಟು ಕಾಲವೂ ಶಾಲೆಗೆ ಸೈಕಲಿನಲ್ಲೇ ಹೋಗಿಬಂದವರು. ಮೊಣಕಾಲು ಸವೆತ ಶುರುವಾದ ಮೇಲೆ ಇಳಿಜಾರಿನಲ್ಲಿ ಹೋಗುವುದೇನೋ ಸುಲಭವಾಗಿತ್ತು, ಹಿಂತಿರುಗುವಾಗ ಏರು ಹತ್ತುವುದು ಆಗುತ್ತಿರಲಿಲ್ಲ. 2017ರಲ್ಲಿ ನಗರಕ್ಕೆ 'ಟ್ರಿನ್ ಟ್ರಿನ್' ಬಾಡಿಗೆ ಸೈಕಲ್ ಬಂದಾಗ ಹುಮ್ಮಸ್ಸಿನಿಂದ ಕಾರ್ಡ್ ಮಾಡಿಸಿಕೊಂಡು, ನಾಲ್ಕು ದಿನ ತುಳಿದು ಕೈಬಿಟ್ಟಿದ್ದರು. ನಡೆಯಿರಿ ಎಂದು ನಾನು ಪ್ರತಿ ಸಲ ಹೇಳುವುದು, ಹದಿನೈದು ನಿಮಿಷಕ್ಕೇ ಮಂಡಿ ಹಿಡಿಯುತ್ತದೆ ಎಂದು ಅವರು ಹೇಳುವುದು, ಹೀಗೇ ಎರಡು ವರ್ಷ ನಡೆದಿತ್ತು. ಅಷ್ಟರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 8 ದಾಟಿತ್ತು. ಆದ್ದರಿಂದ ಆ ಚಿತ್ರವನ್ನು ಬರಿಯ ಆಟಿಕೆ ಎಂದು ತಳ್ಳಿಹಾಕುವಂತಿರಲಿಲ್ಲ. ಇಂಥದೇ ಲೆಕ್ಕಾಚಾರ ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ಈ ವಾರ ಅದನ್ನೇ ನೋಡೋಣ.

ಮೋಟಾರಿದ್ದರೂ ವ್ಯಾಯಾಮವೇ?

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಮಧ್ಯಮ ಎಂದರೆ ಎಷ್ಟು? ಉಸಿರು ಸ್ವಲ್ಪ ಜೋರಾಗಿರಬೇಕು. ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಆಗಬಾರದು. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಬ್ಯಾಟರಿ ಸೈಕಲಿನಲ್ಲಿ ಮೋಟಾರು ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ನೀವು ಪೆಡಲ್ ತುಳಿದಾಗ ಮಾತ್ರ ಅದು ಕೈಜೋಡಿಸುತ್ತದೆ. ಕಾಲು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಎಷ್ಟು ಕೈಜೋಡಿಸಬೇಕೆಂಬುದಕ್ಕೆ 1, 2, 3 ಎಂಬಂತೆ ಹಂತಗಳಿರುತ್ತವೆ. ಇನ್ನೊಂದು, ಹ್ಯಾಂಡಲಿನಲ್ಲಿ ಸ್ಕೂಟರಿನಂತೆ ಆಕ್ಸಿಲರೇಟರ್. ಅದನ್ನು ತಿರುಗಿಸಿದರೆ ಸಾಕು, ಪೆಡಲ್ ಮುಟ್ಟುವುದೇ ಬೇಡ. ನಮ್ಮಲ್ಲಿ ಮಾರಾಟವಾಗುವ ಅನೇಕ ಸೈಕಲ್‌ಗಳಲ್ಲಿ ಎರಡೂ ಇರುತ್ತವೆ. ಆರೋಗ್ಯದ ಲಾಭ, ನಷ್ಟ ಬಹುಮಟ್ಟಿಗೆ ನಿಂತಿರುವುದು ಇವೆರಡರಲ್ಲಿ ಯಾವುದನ್ನು ಬಳಸುತ್ತೀರಿ ಎಂಬುದರ ಮೇಲೆ.

ಮೊದಲನೆಯ ಬಗೆಯಲ್ಲಿ ವ್ಯಾಯಾಮ ಖಂಡಿತ ಆಗುತ್ತದೆ. ಸಾದಾ ಸೈಕಲಿಗಿಂತ ಕಡಿಮೆ, ಆದರೆ ಮಧ್ಯಮ ಪ್ರಮಾಣ ತಲುಪುವಷ್ಟು. ಯೂರೋಪಿನ ಏಳು ನಗರಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ಯಾಟರಿ ಸೈಕಲಿನವರ ವಾರದ ಒಟ್ಟು ದೈಹಿಕ ಶ್ರಮ ಸಾದಾ ಸೈಕಲಿನವರಿಗಿಂತ ಕಡಿಮೆಯೇನೂ ಇರಲಿಲ್ಲ. ಕಾರಣ ಸರಳ. ಪ್ರತಿ ಕಿಲೋಮೀಟರಿಗೆ ಶ್ರಮ ಕಡಿಮೆಯಾದರೂ ಅವರು ಹೆಚ್ಚು ದೂರ ಹೋಗುತ್ತಿದ್ದರು. ಅದೇ ವರ್ಷ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 50ರಿಂದ 83 ವರ್ಷದವರಿಗೆ ಎಂಟು ವಾರ ಕಾಲ, ವಾರಕ್ಕೆ ಮೂರು ಸಲ, ಅರ್ಧ ಗಂಟೆಯಂತೆ ಸೈಕಲ್ ತುಳಿಸಿ ನೋಡಿದರು. ಕೆಲವರಿಗೆ ಸಾದಾ, ಕೆಲವರಿಗೆ ಬ್ಯಾಟರಿ ಸೈಕಲ್. ಯೋಚನಾಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಎರಡೂ ಗುಂಪಿನವರು ಸುಧಾರಿಸಿದರು. ಮನಸ್ಸಿನ ನೆಮ್ಮದಿಯ ವಿಷಯದಲ್ಲಂತೂ ಬ್ಯಾಟರಿ ಗುಂಪಿನವರು ಹಿಂದೆ ಬೀಳಲಿಲ್ಲ. ಇವು ಯೂರೋಪಿನ ರಸ್ತೆಗಳ ಮಾತು, ನಮ್ಮ ರಸ್ತೆಗಳದ್ದಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಮನೆಯಲ್ಲೇ ನಿಂತ ಸಾದಾ ಸೈಕಲಿಗಿಂತ ಓಡುವ ಬ್ಯಾಟರಿ ಸೈಕಲ್ ಮೇಲು ಎಂದು ನಾನು ಮೇಷ್ಟ್ರಿಗೆ ಹೇಳಿದೆ. ಆದರೆ ಆಕ್ಸಿಲರೇಟರ್ ತಿರುಗಿಸಿ ಕುಳಿತರೆ ಅದು ಬರಿಯ ನಿಧಾನದ ಸ್ಕೂಟರ್. ಅಂಥ ಸವಾರಿಯಿಂದ ಸಕ್ಕರೆ ಇಳಿಯುವುದಿಲ್ಲ, ತೊಡೆಯ ಸ್ನಾಯುವೂ ಬಲಗೊಳ್ಳುವುದಿಲ್ಲ. ಮೊದಮೊದಲು ಏರಿಗೆ ಮಾತ್ರ ಎಂದು ಶುರುವಾದದ್ದು ತಿಂಗಳೊಳಗೆ ಮನೆಯ ಗೇಟಿನಿಂದಲೇ ಶುರುವಾಗುತ್ತದೆ. ಈ ಚಪಲ ಬಹಳ ಜನರಿಗೆ ಉಂಟು, ನನಗೂ ಇದ್ದೀತು.

ಮಂಡಿಗೆ ಒಳ್ಳೆಯದೇ, ಸೀಟಿನ ಎತ್ತರ ಸರಿಯಿದ್ದರೆ

ನಡೆಯುವಾಗ ಪ್ರತಿ ಹೆಜ್ಜೆಗೂ ದೇಹದ ತೂಕ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲಿನಲ್ಲಿ ತೂಕದ ಬಹುಪಾಲನ್ನು ಸೀಟು ಹೊರುತ್ತದೆ. ಕೀಲು ಭಾರವಿಲ್ಲದೆ ಮಡಚಿ ಬಿಡಿಸಿ ಆಡುತ್ತದೆ, ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುತ್ತದೆ. ಸವೆದ ಮಂಡಿಗೆ ಆ ಸ್ನಾಯುವೇ ದೊಡ್ಡ ಆಸರೆ. ಸಾದಾ ಸೈಕಲಿನಲ್ಲಿ ಮಂಡಿ ನೋಯುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ: ನಿಂತಲ್ಲಿಂದ ಹೊರಡುವಾಗ ಮತ್ತು ಏರಿನಲ್ಲಿ. ಮೋಟಾರು ನೆರವಾಗುವುದೂ ಈ ಎರಡು ಕಡೆಯೇ. ಹೀಗಾಗಿ ಮಂಡಿನೋವಿನವರಿಗೆ ಇದು ನಿಜಕ್ಕೂ ಅನುಕೂಲದ ವಾಹನ.

ಇದನ್ನು ಹಾಳುಮಾಡುವ ತಪ್ಪು ಒಂದಿದೆ. ವಯಸ್ಸಾದವರು ಬೀಳುವ ಹೆದರಿಕೆಯಿಂದ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಂತೆ ಸೀಟನ್ನು ಕೆಳಗಿಳಿಸಿಕೊಳ್ಳುತ್ತಾರೆ. ಅಂಗಡಿಯವರೂ ಹಾಗೇ ಮಾಡಿಕೊಡುತ್ತಾರೆ, ಕೂತ ಕೂಡಲೇ ಗಿರಾಕಿಗೆ ಹಿತವೆನಿಸಬೇಕಲ್ಲ. ಸೀಟು ತಗ್ಗಿದಷ್ಟೂ ಪೆಡಲ್ ತುಳಿಯುವಾಗ ಮೊಣಕಾಲು ಹೆಚ್ಚು ಮಡಚಿರುತ್ತದೆ. ಮಡಚಿದ ಸ್ಥಿತಿಯಲ್ಲಿ ಬಲ ಹಾಕಿದರೆ ಮಂಡಿಚಿಪ್ಪು ಅದರ ಹಿಂದಿನ ಮೂಳೆಗೆ ಒತ್ತಿ ಉಜ್ಜುತ್ತದೆ. ತಿಂಗಳಾದ ಮೇಲೆ ಮೆಟ್ಟಿಲು ಇಳಿಯುವಾಗ ಮಂಡಿಯ ಮುಂದೆ ನೋವು ಕಾಣಿಸಿಕೊಳ್ಳುತ್ತದೆ. ಆಗ ದೂರು ಬರುವುದು ಸೈಕಲಿನ ಮೇಲೆ!

ಸರಿಯಾದ ಎತ್ತರ ನೋಡುವ ವಿಧಾನ ಹೀಗೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಕೆಳಗಿನ ತುದಿಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗಾಗಬೇಕು. ಆನಂತರ ತುಳಿಯುವ ರೀತಿಯಲ್ಲಿ ಪಾದದ ಮುಂಭಾಗ ಇಟ್ಟರೆ ಮಂಡಿ ತುಸುವೇ ಬಾಗಿರುತ್ತದೆ. ಈ ಎತ್ತರದಲ್ಲಿ ಕುಳಿತಾಗ ನೆಲಕ್ಕೆ ಬೆರಳ ತುದಿ ಮಾತ್ರ ತಾಗುತ್ತದೆ. ನಿಲ್ಲಬೇಕಾದಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯಬೇಕು. ಮೇಲಿನ ಕಂಬಿ ಇಲ್ಲದ ಚೌಕಟ್ಟಿನ ಉಪಯೋಗ ಇಲ್ಲಿಯೇ. ಪೆಡಲ್‌ಗಳು ಸೀಟಿಗಿಂತ ಸಾಕಷ್ಟು ಮುಂದಿರುವ ಚೌಕಟ್ಟುಗಳೂ ಇವೆ. ಅವುಗಳಲ್ಲಿ ಪಾದವೂ ನೆಲಕ್ಕೆ ಸಿಗುತ್ತದೆ, ಕಾಲೂ ಚಾಚಿಕೊಳ್ಳುತ್ತದೆ. ಹೆದರಿಕೆ ಬಹಳ ಇರುವವರು ಅಂಥದನ್ನು ಹುಡುಕುವುದು ಒಳ್ಳೆಯದು.

ಮೆತ್ತನೆ ಸೀಟಿನ ಮೋಸ

ನಾವು ಕುಳಿತಾಗ ಭಾರ ಹೊರುವುದು ಪೃಷ್ಠದ ಕೆಳಗಿನ ಎರಡು ಮೂಳೆಗಳು. ಸೀಟಿನ ಕೆಲಸ ಆ ಎರಡಕ್ಕೆ ಆಧಾರ ಕೊಡುವುದು. ಸೀಟು ದಿಂಬಿನಷ್ಟು ಮೆತ್ತಗಿದ್ದರೆ ಮೂಳೆಗಳು ಒಳಗೆ ಹೂತು, ನಡುವಿನ ಮೃದು ಭಾಗದ ಮೇಲೆ ಒತ್ತಡ ಬೀಳುತ್ತದೆ. ಅಲ್ಲಿ ನರಗಳೂ ರಕ್ತನಾಳಗಳೂ ಇವೆ. ಗಂಡಸರಿಗೆ ಜೋಮು, ಹೆಂಗಸರಿಗೆ ಉರಿ, ಇಬ್ಬರಿಗೂ ತೊಡೆಸಂದಿನ ಚರ್ಮ ಕೆರೆಯುವುದು, ಎಲ್ಲ ಇದರಿಂದಲೇ. ಅಂಗಡಿಯಲ್ಲಿ ಎರಡು ನಿಮಿಷ ಕುಳಿತರೆ ಯಾವ ಮೆತ್ತನೆ ಸೀಟೂ ಹಿತವೇ. ಇಪ್ಪತ್ತು ನಿಮಿಷ ತುಳಿದ ಮೇಲೆ ಹೇಗಿದೆ ಎಂಬುದೇ ನಿಜವಾದ ಪರೀಕ್ಷೆ. ನೆಟ್ಟಗೆ ಕೂರುವವರಿಗೆ ಅಗಲದ ಸೀಟು ಬೇಕು ನಿಜ, ಆದರೆ ಅದು ಸ್ವಲ್ಪ ಬಿಗಿಯಾಗಿರಲಿ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವವರು ನಡುವೆ ಕಾಲುವೆಯಂತೆ ತಗ್ಗಿರುವ ಸೀಟು ಆರಿಸಿಕೊಳ್ಳುವುದು ಲೇಸು. ಪಿ.ಎಸ್.ಎ. ರಕ್ತಪರೀಕ್ಷೆ ಇದ್ದರೆ ಹಿಂದಿನ ಎರಡು ದಿನ ಸೈಕಲ್ ತುಳಿಯಬೇಡಿ. ಸೀಟಿನ ಒತ್ತಡದಿಂದ ಅಂಕಿ ಏರಿ ವೃಥಾ ಗಾಬರಿಯಾದೀತು.

ನೆಟ್ಟಗೆ ಕೂರುವುದರಿಂದ ಕತ್ತಿಗೂ ಮಣಿಕಟ್ಟಿಗೂ ಹಾಯೆನಿಸುತ್ತದೆ. ಕತ್ತಿನ ಮೂಳೆ ಸವೆತ ಇರುವವರಿಗೆ ಇದು ದೊಡ್ಡ ಲಾಭ. ಸುತ್ತಲ ವಾಹನಗಳೂ ಚೆನ್ನಾಗಿ ಕಾಣುತ್ತವೆ. ಆದರೆ ಬೆನ್ನಿನ ಮಾತು ಬೇರೆ. ಪೂರ್ತಿ ನೆಟ್ಟಗೆ ಕುಳಿತಾಗ ಹಂಪು, ಗುಂಡಿಗಳ ಹೊಡೆತ ಸೀಟಿನಿಂದ ನೇರವಾಗಿ ಬೆನ್ನುಮೂಳೆಯ ಡಿಸ್ಕ್‌ಗಳಿಗೆ ಹೋಗುತ್ತದೆ. ತುಸು ಮುಂದೆ ಬಾಗಿ, ಮೊಣಕೈ ಸಡಿಲವಾಗಿಟ್ಟು, ಹ್ಯಾಂಡಲಿಗೆ ಸ್ವಲ್ಪ ಭಾರ ಕೊಟ್ಟರೆ ಆ ಹೊಡೆತ ಹಂಚಿಹೋಗುತ್ತದೆ. ದಪ್ಪ ಟೈರಿನಲ್ಲಿ ಗಾಳಿ ಕಲ್ಲಿನಂತೆ ಗಟ್ಟಿಯಾಗಿರಬಾರದು, ಟೈರಿನ ಮೇಲೆ ಬರೆದಿರುವ ಮಿತಿಯೊಳಗೆ ಕೊಂಚ ಕಡಿಮೆಯೇ ಇರಲಿ. ಸೀಟಿನ ಕೆಳಗಿನ ಕಂಬದಲ್ಲಿ ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಹಂಪು ಬಂದಾಗ ಪೆಡಲ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಷ್ಟು ಎದ್ದರೆ ಸ್ಪ್ರಿಂಗ್ ಇಲ್ಲದೆಯೂ ಬೆನ್ನು ಉಳಿಯುತ್ತದೆ. ಹಿಂದೆ ಎಲ್ಲರೂ ಹಾಗೇ ಮಾಡುತ್ತಿದ್ದೆವಲ್ಲ.

ಮೇಷ್ಟ್ರ ಪತ್ನಿಯ ಆತಂಕ

ಮೂವರಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಅವರ ಮಾತಿನ ಬಗ್ಗೆ. ಸೈಕಲಿನ ನಾಡೆನಿಸಿದ ನೆದರ್‌ಲ್ಯಾಂಡ್ಸ್‌ನಲ್ಲಿ 2017ರಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ಸತ್ತವರಿಗಿಂತ ಸೈಕಲಿನಲ್ಲಿ ಸತ್ತವರ ಸಂಖ್ಯೆ ಹೆಚ್ಚಾಯಿತು: 201ಕ್ಕೆ 206. ಆ ಸೈಕಲ್ ಸಾವುಗಳಲ್ಲಿ ಸುಮಾರು ಕಾಲು ಭಾಗ ಬ್ಯಾಟರಿ ಸೈಕಲಿನದು, ಅದರಲ್ಲೂ ಹೆಚ್ಚಿನವರು ವೃದ್ಧರು. ಸೈಕಲಿಗೆಂದೇ ಪ್ರತ್ಯೇಕ ದಾರಿ ಇರುವ ದೇಶದ ಕಥೆ ಇದು.

ವಯಸ್ಸಾದವರು ಬೀಳುವುದು ವೇಗದಲ್ಲಿ ಮಾತ್ರ ಅಲ್ಲ, ಹತ್ತುವಾಗ ಮತ್ತು ಇಳಿಯುವಾಗ ಕೂಡ. ಬ್ಯಾಟರಿ, ಮೋಟಾರು ಸೇರಿ ಈ ಸೈಕಲ್ 20ರಿಂದ 28 ಕಿಲೋ ತೂಗುತ್ತದೆ. ಒಂದು ಕಡೆಗೆ ವಾಲಿದರೆ ದುರ್ಬಲ ಕಾಲಿಗೆ ಅದನ್ನು ತಡೆಯಲಾಗದು. ಗೇಟಿನ ಮೆಟ್ಟಿಲು ಹತ್ತಿಸಲು ಬಾಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಮಂಡಿಯನ್ನು ಉಳಿಸಲು ಹೋಗಿ ಬೆನ್ನನ್ನು ಕಳೆದುಕೊಂಡಂತಾಗುತ್ತದೆ. ಮೆಟ್ಟಿಲಿಗೆ ಹಲಗೆಯ ಇಳಿಜಾರು ಹಾಕಿಸದೆ ಇದನ್ನು ಮನೆಗೆ ತರಬೇಡಿ.

ಕೊಳ್ಳುವಾಗ ಬಹಳ ಮಂದಿ ವಿಚಾರಿಸದ ಒಂದು ಸಂಗತಿ ಇದೆ. ನೀವು ತುಳಿಯುತ್ತಿದ್ದೀರಿ ಎಂಬುದು ಮೋಟಾರಿಗೆ ಗೊತ್ತಾಗುವುದು ಒಂದು ಸೆನ್ಸರ್ ಮೂಲಕ. ಅಗ್ಗದ ಸೈಕಲ್‌ಗಳಲ್ಲಿ ಅದು ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತದೆ. ಪೆಡಲ್ ಕೊಂಚ ತಿರುಗಿತೋ ಇಲ್ಲವೋ, ಮೋಟಾರು ತನ್ನ ಬಲ ಒಮ್ಮೆಲೇ ಕೊಡುತ್ತದೆ. ಇನ್ನೊಂದು ಬಗೆಯ ಸೆನ್ಸರ್ ನೀವು ಎಷ್ಟು ಬಲವಾಗಿ ತುಳಿಯುತ್ತೀರಿ ಎಂಬುದನ್ನು ಅಳೆದು, ಅದಕ್ಕೆ ತಕ್ಕಷ್ಟೇ ನೆರವಾಗುತ್ತದೆ. ಬೆಲೆ ಜಾಸ್ತಿ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ ಇರುವಾಗ ಸೈಕಲ್ ಚಂಗನೆ ಮುಂದೆ ನೆಗೆದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಅರವತ್ತು ದಾಟಿದವರಿಗೆ ಕೊಳ್ಳುವುದಾದರೆ, ಬಣ್ಣ, ದೀಪ, ಮೊಬೈಲ್ ಸ್ಟ್ಯಾಂಡುಗಳಿಗಿಂತ ಈ ಎರಡನೆಯ ಸೆನ್ಸರಿಗೆ ಹಣ ಹಾಕಿ. ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲುತ್ತದೆಯೇ ಎಂಬುದನ್ನು ಅಂಗಡಿಯ ಮುಂದೆಯೇ ಪರೀಕ್ಷಿಸಿ.

ಇನ್ನೊಂದು ವಿಚಾರ. ಸೈಕಲ್ ತುಳಿಯುವುದರಿಂದ ಮೂಳೆ ಗಟ್ಟಿಯಾಗುವುದಿಲ್ಲ. ಮೂಳೆಗೆ ಬೇಕಾದದ್ದು ದೇಹದ ಭಾರ, ಅದನ್ನಂತೂ ಸೀಟು ಹೊತ್ತುಕೊಂಡಿದೆ. ಹಾಗಾಗಿ ದಿನಾ ಸೈಕಲ್ ಹೊಡೆಯುವವರೂ ನೋವಿಲ್ಲದಷ್ಟು ದೂರ ನಡೆಯಬೇಕು, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ ಮಾಡಬೇಕು, ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಬೇಕು. ಮುಟ್ಟು ನಿಂತ ಮಹಿಳೆಯರಿಗೆ ಇದು ಹೆಚ್ಚು ಮುಖ್ಯ. ಸೀರೆ, ದುಪಟ್ಟಾ, ಪಂಚೆ ಸಿಕ್ಕಿಕೊಳ್ಳದಂತೆ ಚೈನಿಗೂ ಹಿಂದಿನ ಚಕ್ರಕ್ಕೂ ಗಾರ್ಡ್ ಇರಲೇಬೇಕು.

ಯಾರು ತಡೆದು ನಿಲ್ಲಬೇಕು?

ತಲೆಸುತ್ತು ಆಗಾಗ ಬರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಇತ್ತೀಚೆಗೆ ಹೃದಯಾಘಾತವಾದವರು, ಪೊರೆ ಬಂದು ದೃಷ್ಟಿ ಮಂಜಾದವರು ತಮ್ಮ ವೈದ್ಯರು ಒಪ್ಪುವವರೆಗೆ ಕಾಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟೂ ಅಪಾಯಕಾರಿ. ಹೆಲ್ಮೆಟ್ ಇಲ್ಲದೆ ಅವರು ಗೇಟು ದಾಟಬಾರದು. ಉಳಿದವರಿಗೂ ಹೆಲ್ಮೆಟ್ ಬೇಡವೆಂದು ಇದರ ಅರ್ಥವಲ್ಲ.

ಮಧುಮೇಹಿಗಳಲ್ಲಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಬಳಸುವವರಿಗೆ ಸವಾರಿಯ ನಡುವೆ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜು ಕಂಡರೆ ತಕ್ಷಣ ಇಳಿದು, ಜೇಬಿನಲ್ಲಿಟ್ಟ ಗ್ಲೂಕೋಸ್ ಅಥವಾ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಯನ್ನು ಬಂದ ಮೇಲೆ ತಿನ್ನೋಣ ಎಂದು ಹೊರಡುವುದು ಬೇಡವೇ ಬೇಡ. ಪಾದ ಜೋಮು ಹಿಡಿದವರಿಗೆ ಪೆಡಲ್ ಮೇಲೆ ಕಾಲಿದೆಯೋ ಜಾರಿದೆಯೋ ತಿಳಿಯುವುದಿಲ್ಲ; ಅವರು ಮೊದಲು ಪಾದ ಪರೀಕ್ಷೆ ಮಾಡಿಸಿಕೊಳ್ಳಲಿ. ಅಟೆನೋಲಾಲ್, ಮೆಟೊಪ್ರೊಲಾಲ್ ಮಾತ್ರೆಯವರು ನಾಡಿ ಎಣಿಸುವ ಕೈಗಡಿಯಾರವನ್ನು ನಂಬಬೇಡಿ. ಆ ಔಷಧ ನಾಡಿಯನ್ನು ಏರಗೊಡುವುದಿಲ್ಲ. ಅವರಿಗೆ ಮೇಲೆ ಹೇಳಿದ ಮಾತು, ಹಾಡಿನ ಪರೀಕ್ಷೆಯೇ ಸರಿ.

ಬ್ಯಾಟರಿ ಬಗ್ಗೆ ಎರಡು ಮಾತು. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಅರ್ಧ ಯೂನಿಟ್ ವಿದ್ಯುತ್ ಸಾಕು. ತುಳಿಯುತ್ತಾ ಹೋದರೆ 30 ಕಿಲೋಮೀಟರ್ ಆರಾಮವಾಗಿ ಬರುತ್ತದೆ. ಖರ್ಚು ಕಾಣುವುದು ಕೆಲವು ವರ್ಷಗಳ ನಂತರ, ಬ್ಯಾಟರಿ ಬದಲಾಯಿಸುವಾಗ. ಅದರ ಬೆಲೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜೊತೆಗೆ ಕೊಟ್ಟ ಚಾರ್ಜರ್ ಅಲ್ಲದೆ ಬೇರೆ ಹಾಕಬೇಡಿ. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗಬೇಡಿ. ಮನೆಯಿಂದ ಹೊರಬರುವ ಬಾಗಿಲ ಬಳಿಯೂ ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಓಡಲು ದಾರಿ ಇರುವುದಿಲ್ಲ. ಮೋಟಾರು 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ವಯಸ್ಸಾದವರ ಕಣ್ಣು, ಕೈಗಳಿಗೆ 15 ಕಿಲೋಮೀಟರ್ ವೇಗವೇ ಧಾರಾಳ.

ಇಷ್ಟೆಲ್ಲ ಹೇಳಿದ ಮೇಲೆ ಮೇಷ್ಟ್ರ ಪಾದಗಳನ್ನು ಪರೀಕ್ಷಿಸಿದೆ. ಸ್ಪರ್ಶ ಚೆನ್ನಾಗಿತ್ತು. ಕಣ್ಣಿನ ವೈದ್ಯರ ಚೀಟಿಯೂ ಸರಿಯಿತ್ತು. ಮಾತ್ರೆಯ ಚೀಟಿಯ ಕೆಳಗೆ ಇನ್ನೂ ನಾಲ್ಕು ಸಾಲು ಬರೆದುಕೊಟ್ಟೆ: ಆಕ್ಸಿಲರೇಟರ್ ತೆಗೆಸುವುದು, ಮೊದಲ ವಾರ ಬಡಾವಣೆಯ ಮೈದಾನದಲ್ಲಿ ಹತ್ತುವ ಇಳಿಯುವ ಅಭ್ಯಾಸ ಮಾತ್ರ, ಬೆಳಿಗ್ಗೆ ತಿಂಡಿಯಾದ ಮೇಲೆಯೇ ಸವಾರಿ, ಕತ್ತಲಾದ ಮೇಲೆ ಇಲ್ಲ, ಮೋಟಾರು 1ನೇ ಹಂತ, ಏರಿಗೆ ಮಾತ್ರ 2. ಮಗನಿಗೆ ಆ ಮೆತ್ತನೆ ಸೀಟು ಬದಲಾಯಿಸಲು ಹೇಳಿದೆ.

ಮೊನ್ನೆ ಮೇಷ್ಟ್ರು ಮತ್ತೆ ಬಂದಿದ್ದರು. ಮಂಡಿನೋವು ಹೆಚ್ಚಿಲ್ಲ, ಈಗ ವಾರಕ್ಕೆ ಐದು ದಿನ ಅರ್ಧ ಗಂಟೆ ತುಳಿಯುತ್ತಾರೆ, ಸೊಪ್ಪು ತರಕಾರಿ ತರುವುದೂ ಅದರಲ್ಲೇ. ಒಮ್ಮೆ ಮನೆಯ ಗೇಟಿನ ಮುಂದೆ ಇಳಿಯುವಾಗ ವಾಲಿ, ಮೊಣಕೈ ತರಚಿಸಿಕೊಂಡಿದ್ದನ್ನು ಅವರು ಹೇಳಲಿಲ್ಲ, ಪತ್ನಿ ಹೇಳಿದರು. ಸಕ್ಕರೆಯ ಸರಾಸರಿ ನೋಡಲು ಇನ್ನೂ ಒಂದು ತಿಂಗಳು ಹೋಗಬೇಕು. ಸೈಕಲಿನ ಕೀಲಿ ಸದ್ಯಕ್ಕೆ ಪತ್ನಿಯ ಬಳಿ ಇದೆ. ಮೋಡ ಕವಿದ ದಿನ ಕೇಳಿದರೂ ಕೊಡುವುದಿಲ್ಲವಂತೆ.